ಜೀರುಹಕ್ಕಿ ಇಲ್ಲವೆಂದು ಬರೆದುಕೊಟ್ಟೆವು

ಮಾರ್ಚ್ ೧೯, ಗುರುವಾರ

ಪ್ರೀತಿಯ ಪುಟ್ಟಿಗೆ,

ಅಕ್ಕನ ಆಶೀರ್ವಾದಗಳು. ಲಕೋಟೆ ನೋಡಿ ಗಾಬರಿಯಾಗಬೇಡ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ನಾನು ಚೆನ್ನಾಗಿದ್ದೇನೆ, ಅಂದರೆ ಈ ವಯಸ್ಸಿಗೆ ಎಷ್ಟು ಚೆನ್ನಾಗಿರಲು ಸಾಧ್ಯವೋ ಅಷ್ಟು. ಇಷ್ಟು ತಿಂಗಳು ಒಂದು ಸಾಲು ಬರೆಯದೆ ಕೂತದ್ದಕ್ಕೆ ಬೈಯಬೇಕಾದಷ್ಟು ಬೈದುಕೋ. ಕೆಲಸವಿತ್ತು ಅಂತ ಹೇಳಿ ತಪ್ಪಿಸಿಕೊಳ್ಳಬಹುದಿತ್ತು; ಆಸ್ಪತ್ರೆಯ ಪರದೆಗಳನ್ನೆಲ್ಲ ಹೊಲಿದುಕೊಡುವ ಕೆಲಸ ಬಂದು ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ ಅನ್ನುವುದು ಸುಳ್ಳೂ ಅಲ್ಲ. ಆದರೆ ನಿಜವಾದ ಕಾರಣ ನಿನ್ನ ಮೇಲಿನ ಮುನಿಸು. ನಿಮ್ಮವರು ತೀರಿಹೋದ ಮೇಲೆ ನೀನು ಮನೆ ಖಾಲಿ ಮಾಡಿ ಮಗಳ ಮನೆ ಸೇರಿದ್ದು ನನಗೆ ಮೂರನೆಯವರ ಬಾಯಿಂದ ತಿಳಿಯಿತು. ಇವಳಿಗೆ ಅಕ್ಕನ ಮನೆ ಒಂದಿದೆ ಅನ್ನುವುದೇ ನೆನಪಾಗಲಿಲ್ಲವಲ್ಲ, ಬರಲಾ ಅಂತ ಒಂದು ಮಾತು ಕೇಳಲಿಲ್ಲವಲ್ಲ ಅಂತ ಒಳಗೊಳಗೇ ಉರಿದುಕೊಂಡೆ. ಆಮೇಲೆ ನಿನ್ನ ಫೋನೂ ನಿಂತಿತು. ನಾನೂ ಮಾಡಲಿಲ್ಲ. ಇಬ್ಬರೂ ಅಪ್ಪನ ಮಕ್ಕಳೇ ತಾನೆ, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

ಈಗ ಆ ಕೋಪ ಇಲ್ಲ. ಯಾಕೆ ಇಲ್ಲ ಅಂತ ಹೇಳುವುದಕ್ಕೆ ಮೊದಲು ನಮ್ಮ ಹಕ್ಕಿಯ ಸುದ್ದಿ ಹೇಳಬೇಕು. ನೀನು ಆಡಿಕೊಳ್ಳುತ್ತಿದ್ದೆಯಲ್ಲ, ಮುದುಕರ ಹಕ್ಕಿ ಸಂಘ ಅಂತ, ಅದೇ ಸಂಘದ ಸುದ್ದಿ.

ನಾವು ಮೂವರೇ ಉಳಿದಿದ್ದೇವೆ: ನಾನು, ಹಲ್ಲಿನ ಡಾಕ್ಟರು, ಪೋಸ್ಟ್ ಮೇಷ್ಟ್ರು. ಡಾಕ್ಟರು ಕ್ಲಿನಿಕ್ ಮುಚ್ಚಿ ವರ್ಷಗಳಾದವು, ಮೇಷ್ಟ್ರಿಗೆ ಪಿಂಚಣಿ ಶುರುವಾಗಿ ಅದಕ್ಕಿಂತ ಹೆಚ್ಚಾಯಿತು. ಆದರೂ ಊರಿನ ಬಾಯಲ್ಲಿ ಅವರು ಡಾಕ್ಟರೇ, ಇವರು ಪೋಸ್ಟೇ. ಭಾನುವಾರ ಬೆಳಿಗ್ಗೆ ಸುತ್ತಾಡಿ ಬಂದು ಹಳೆಯ ಕ್ಲಿನಿಕ್ಕಿನ ಮುಂದಿನ ಬೆಂಚಿನ ಮೇಲೆ ಚಹಾ ಕುಡಿಯುತ್ತ ಯಾರಿಗೆ ಏನು ಕಂಡಿತು, ಯಾರಿಗೆ ಏನು ಕೇಳಿಸಿತು ಅಂತ ಹೇಳಿಕೊಳ್ಳುತ್ತೇವೆ. ಮೇಷ್ಟ್ರು ಅದನ್ನು ಫೋನಿನಲ್ಲಿ ಅಕ್ಕಪಕ್ಕದ ಊರಿನ ನಮ್ಮಂಥವರಿಗೆಲ್ಲ ಕಳಿಸುತ್ತಾರೆ. ಅಲ್ಲಿಂದಲೂ ಸುದ್ದಿ ಬರುತ್ತದೆ. ಒಬ್ಬರಿಗೆ ಎಷ್ಟೋ ಕಾಲದ ಮೇಲೆ ಚಂದ್ರಮುಕುಟ ಕಂಡಿತಂತೆ, ಇನ್ನೊಬ್ಬರ ಕೆರೆಗೆ ಈ ಸಲ ಬಾತುಗಳು ಬರಲೇ ಇಲ್ಲವಂತೆ. ಮೊದಲು ಬಂದದ್ದರ ಸುದ್ದಿ ಹೆಚ್ಚು ಬರುತ್ತಿತ್ತು. ಈಗೀಗ ಬಾರದೆ ಇದ್ದದ್ದರ ಸುದ್ದಿಯೇ ಹೆಚ್ಚು, ಓದಿ ಓದಿ ಸಾಕಾಗಿದೆ.

ನಮ್ಮದೊಂದು ಕಟ್ಟುನಿಟ್ಟು ಇದೆ. ಒಬ್ಬರಿಗೆ ಕಂಡದ್ದು, ಕೇಳಿದ್ದು ಲೆಕ್ಕಕ್ಕಿಲ್ಲ, ಇಬ್ಬರಿಗೆ ಆಗಬೇಕು. ಈ ನಿಯಮ ಮಾಡಿದವಳು ನಾನೇ. ಒಂದು ಸಲ ಮೇಷ್ಟ್ರು ತಂತಿಗೆ ಸಿಕ್ಕಿದ ಪ್ಲಾಸ್ಟಿಕ್ ಚೀಲವನ್ನು ಬಿಳಿ ಗೂಬೆ ಅಂತ ನಾಲ್ಕೂರಿಗೆ ಸಾರಿದ್ದರು, ಅದಾದ ಮೇಲೆ.

ಇಟ್ಟಿಗೆ ಗೂಡಿನ ಹಿಂದೆ ಒಂದು ಹುಲ್ಲುಬಯಲು ಇದೆ. ನೀನು ಬಂದಾಗ ಕರೆದುಕೊಂಡು ಹೋಗಿದ್ದೆ, ಸೀರೆಗೆಲ್ಲ ಮುಳ್ಳು ಅಂಟಿತು ಅಂತ ದಾರಿಯುದ್ದಕ್ಕೂ ಗೊಣಗಿದ್ದೆ ನೀನು. ಆ ಬಯಲಿನ ಹಕ್ಕಿಗೆ ಪುಸ್ತಕದಲ್ಲಿ ಬಾಯಿ ತಿರುಗದಂಥ ಹೆಸರಿದೆ. ನಾವು ಜೀರುಹಕ್ಕಿ ಅನ್ನುತ್ತೇವೆ. ಹೆಬ್ಬೆರಳಿಗಿಂತ ಚೂರು ದೊಡ್ಡದು, ಒಣಹುಲ್ಲಿನ ಬಣ್ಣ, ಹುಲ್ಲಿನ ಬುಡ ಬಿಟ್ಟು ಮೇಲೆ ಬರುವುದಿಲ್ಲ. ಕಣ್ಣಿಗೆ ಬೀಳುವುದು ಎಲ್ಲೋ ಒಮ್ಮೆ. ಅದರ ಗುರುತೆಲ್ಲ ದನಿಯಲ್ಲೇ, ಜೀರುಂಡೆಯ ಹಾಗೆ ತೆಳ್ಳಗೆ, ಉಸಿರು ತೆಗೆದುಕೊಳ್ಳದೆ ಎಳೆಯುತ್ತದೆ. ಎಲ್ಲ ಕಡೆಯೂ ಕಡಿಮೆಯಾಗುತ್ತ ಬಂದ ಹಕ್ಕಿ. ನಮ್ಮ ಬಯಲಿನಲ್ಲೂ ಮೂರು ವರ್ಷದಿಂದ ಅದರ ಸದ್ದಿಲ್ಲ.

ಹೋದ ವರ್ಷ ಊರಿನ ಕಚೇರಿಯಿಂದ ನಮಗೆ ಪತ್ರ ಬಂತು. ಬಯಲಿನಲ್ಲಿ ಗೋದಾಮು ಕಟ್ಟುತ್ತಾರಂತೆ. ಕಾಪಾಡಬೇಕಾದ ಹಕ್ಕಿ ಏನಾದರೂ ಅಲ್ಲಿದ್ದರೆ ಗೋದಾಮನ್ನು ರಸ್ತೆಯ ಆಚೆಗೆ ಸರಿಸಬಹುದು, ಇದೆಯೋ ಇಲ್ಲವೋ ತಿಳಿಸಿ ಅಂತ ಕೇಳಿದ್ದರು. ಜೀವಮಾನದಲ್ಲಿ ಮೊದಲ ಸಲ ನಮ್ಮನ್ನು ಯಾರೋ ಮನುಷ್ಯರೆಂದು ಮಾತನಾಡಿಸಿದ್ದರು. ಮೇಷ್ಟ್ರು ತಕ್ಷಣ, ಇದೆ ಅಂತ ಬರೆದುಬಿಡೋಣ, ಆ ಹುಲ್ಲಿನೊಳಗೆ ಯಾರು ಬಂದು ಹುಡುಕುತ್ತಾರೆ ಅಂದರು. ನನಗೆ ಮೈಯೆಲ್ಲ ಉರಿಯಿತು. ಇವತ್ತು ಸುಳ್ಳು ಬರೆದರೆ ನಾಳೆ ನಮ್ಮ ನಿಜವನ್ನು ಯಾರು ನಂಬುತ್ತಾರೆ ಅಂತ ಅವರ ಬಾಯಿ ಮುಚ್ಚಿಸಿದೆ. ನನ್ನ ಬಾಯಿ ನಿನಗೆ ಗೊತ್ತೇ ಇದೆ.

ಮೂವರೂ ಆ ಬಯಲನ್ನು ಭಾನುವಾರದ ಮೇಲೆ ಭಾನುವಾರ ನಡೆದೆವು. ಕಿವಿಗೆ ಕೈ ಅಡ್ಡ ಹಿಡಿದು ನಿಂತೆವು. ಬೇಲಿಯಾಚೆ ಲಾರಿ ಕೇಳಿಸಿತು, ಕಾಗೆ ಕೇಳಿಸಿತು, ಡಾಕ್ಟರ ಮಂಡಿ ಲಟಕ್ಕೆನ್ನುವುದೂ ಕೇಳಿಸಿತು. ಜೀರುಹಕ್ಕಿ ಕೇಳಿಸಲಿಲ್ಲ. ಕಂಡಿಲ್ಲ, ಕೇಳಿಲ್ಲ, ಈಗ ಈ ಬಯಲಿನಲ್ಲಿ ಆ ಹಕ್ಕಿ ಇಲ್ಲ ಅಂತ ಡಾಕ್ಟರು ಬರೆದರು. ಮೊದಲ ಸಹಿ ನಾನು ಹಾಕಿದೆ. ಆ ದಿನ ಬೆಂಚಿನ ಮೇಲೆ ಸಾವಿನ ಮನೆಯಲ್ಲಿ ಕೂತ ಹಾಗೆ ಕೂತಿದ್ದೆವು. ದುಃಖ ಇತ್ತು ನಿಜ. ಜೊತೆಗೆ, ನಷ್ಟವಾದರೂ ಸತ್ಯ ಬರೆದೆವಲ್ಲ ಅನ್ನುವ ಜಂಬವೂ ನನಗೆ ಇತ್ತು ಪುಟ್ಟಿ, ಸುಳ್ಳು ಯಾಕೆ ಹೇಳಲಿ.

ಈ ತಿಂಗಳ ಮೊದಲ ಭಾನುವಾರ ಡಾಕ್ಟರ ಮಂಡಿ ಪೂರ್ತಿ ಕೈಕೊಟ್ಟಿತು. ಅವರ ಸೊಸೆ ಕಾರಿನಲ್ಲಿ ಕರೆದುಕೊಂಡು ಬಂದಳು. ವಕೀಲರ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ, ಕಾಗೆಗೂ ಕೋಗಿಲೆಗೂ ವ್ಯತ್ಯಾಸ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇಲ್ಲ. ಬಯಲಿನ ಆ ತುದಿಯಲ್ಲಿ ಮಣ್ಣು ಅಗೆಯುವ ಯಂತ್ರಗಳು ಬಂದು ನಿಂತಿದ್ದವು, ಭಾನುವಾರವಾದ್ದರಿಂದ ಸದ್ದಿರಲಿಲ್ಲ. ನಾವು ಕೊನೆಯ ಸಲ ನೋಡಿ ಬರೋಣ ಅಂತ ಹೋಗಿದ್ದೆವು. ಅವಳು ಮಾವನ ತೋಳು ಹಿಡಿದು ನಿಂತವಳು ಬೇಸರದಿಂದ ಕೇಳಿದಳು:

"ಮಾವ, ಈ ಜೀರುಂಡೆಗೆ ಸುಸ್ತೇ ಆಗಲ್ವಾ?"

"ಯಾವ ಜೀರುಂಡೆ?"

"ಇದೇ, ಬಂದಾಗಿಂದ ಕೂಗ್ತಾನೇ ಇದೆಯಲ್ಲ. ನಿಮಗೆ ಯಾರಿಗೂ ಕೇಳಿಸ್ತಿಲ್ವಾ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನನ್ನ ಕಿವಿಯಲ್ಲಿ ಗಾಳಿಯ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಆಗ ನಾನು ಏನು ಹೇಳಿದೆ ಗೊತ್ತಾ? ಒಬ್ಬರಿಗೆ ಕೇಳಿಸಿದ್ದು ಲೆಕ್ಕಕ್ಕಿಲ್ಲ ಅಂದೆ. ಅವಳು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದಳು.

ತನ್ನ ಫೋನಿನಲ್ಲಿ ಸದ್ದನ್ನು ಗೆರೆಯಾಗಿ ತೋರಿಸುವ ಏನೋ ಒಂದನ್ನು ಹಾಕಿದಳು. ಕೆಳಗೆ ನಮ್ಮ ಮಾತು ದಪ್ಪದಪ್ಪಗೆ ಬರುತ್ತಿತ್ತು. ಮೇಲೆ, ತುಂಬ ಮೇಲೆ, ಮಷೀನಿನ ಹೊಲಿಗೆಯ ಹಾಗೆ ಒತ್ತೊತ್ತಾಗಿ ಗೆರೆಗಳು ನಿಲ್ಲದೆ ಓಡುತ್ತಿದ್ದವು. ಡಾಕ್ಟರು ಮನೆಗೆ ಹೋಗಿ ಅದನ್ನು ಜೀರುಹಕ್ಕಿಯ ದನಿಯ ಚಿತ್ರದ ಜೊತೆ ಇಟ್ಟು ನೋಡಿದರು. ಅದೇ. ಹಕ್ಕಿ ಅಲ್ಲೇ ಇತ್ತು, ನಾವು ಕಿವಿಗೆ ಕೈ ಹಿಡಿದು ನಿಂತಿದ್ದ ಭಾನುವಾರಗಳಲ್ಲೂ ಕೂಗುತ್ತಲೇ ಇತ್ತು. ಹೋಗಿದ್ದು ನಮ್ಮ ಕಿವಿ. ಮೂವರದ್ದೂ ಒಟ್ಟೊಟ್ಟಿಗೆ, ಮೆಲ್ಲಮೆಲ್ಲಗೆ ಹೋಗಿದ್ದರಿಂದ ಒಬ್ಬರ ತಪ್ಪನ್ನು ಇನ್ನೊಬ್ಬರು ಹೌದು ಹೌದು ಅಂತ ಗಟ್ಟಿ ಮಾಡುತ್ತ ಬಂದಿದ್ದೆವು.

ಮರುದಿನವೇ ಕಚೇರಿಗೆ ಹೋದೆವು. ಅಧಿಕಾರಿ ಒಳ್ಳೆಯ ಮನುಷ್ಯ, ಕುರ್ಚಿ ಹಾಕಿಸಿದ. ಡಾಕ್ಟರು ಅಷ್ಟು ಜನರ ಎದುರಿಗೆ, ನಮಗೆ ಕಿವಿ ಸರಿಯಾಗಿ ಕೇಳಿಸೋದಿಲ್ಲ, ಅದು ನಮಗೇ ಗೊತ್ತಿರಲಿಲ್ಲ ಅಂತ ಹೇಳಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿ ಇತ್ತು. ಆತ ನಮ್ಮ ಪತ್ರವನ್ನು ತೆಗೆದು ನನ್ನ ಕಡೆ ತಿರುಗಿಸಿ, "ನೀವೇ ಬರೆದುಕೊಟ್ಟಿದ್ದೀರಲ್ಲಮ್ಮ. ಮೊದಲನೇ ಸಹಿ ನಿಮ್ಮದೇ," ಅಂದ. ಗುತ್ತಿಗೆ ಕೊಟ್ಟಾಗಿದೆ, ಕೆಲಸ ನಿಲ್ಲಿಸುವುದು ತನ್ನ ಕೈಲಿಲ್ಲ, ಮರಿಗಳು ಹಾರುವವರೆಗೆ ಒಂದು ಮೂಲೆ ಮುಟ್ಟದೆ ಬಿಡಿಸಬಲ್ಲೆ ಅಂದ. ಬಿಡಿಸಿದ್ದಾನೆ ಕೂಡ. ನಮ್ಮ ಮನೆಯ ಮುಂದಿನ ಕೋಣೆ ಮತ್ತು ಅಡುಗೆಮನೆ ಸೇರಿದರೆ ಎಷ್ಟೋ ಅಷ್ಟು ಜಾಗಕ್ಕೆ ಸುತ್ತ ಹಗ್ಗ ಕಟ್ಟಿದ್ದಾರೆ. ಉಳಿದ ಕಡೆ ಕೆಂಪು ಮಣ್ಣು.

ಮೆಟ್ಟಿಲು ಇಳಿಯುವಾಗ ಮೇಷ್ಟ್ರು, ತುಂಬ ಮೆತ್ತಗೆ, "ನಾನು ಸುಳ್ಳು ಬರೆಯೋಣ ಅಂದಿದ್ದೆ. ಅದೇ ನಿಜ ಆಗಿತ್ತು ನೋಡಿ," ಅಂದರು. ಚುಚ್ಚಬೇಕು ಅಂತ ಅಂದದ್ದಲ್ಲ. ಅವರಿಗೆ ಚುಚ್ಚಲು ಬರುವುದಿಲ್ಲ. ಆ ಭಾನುವಾರದಿಂದ ಅವರು ಬೆಂಚಿಗೆ ಬಂದಿಲ್ಲ, ಫೋನಿನಲ್ಲಿ ಸುದ್ದಿಯೂ ಕಳಿಸುತ್ತಿಲ್ಲ. ಅಕ್ಕಪಕ್ಕದ ಊರಿನವರು, ಏನಾಯಿತು, ಯಾಕೆ ಸುಮ್ಮನಿದ್ದೀರಿ ಅಂತ ಕೇಳುತ್ತಿದ್ದಾರೆ. ಏನಂತ ಹೇಳಲಿ? ಅವರ ಊರಿನಲ್ಲೂ ಹಕ್ಕಿ ನೋಡುವವರೆಲ್ಲ ನಮ್ಮ ವಯಸ್ಸಿನವರೇ. ಬಾರದೆ ಹೋದವು ಅಂತ ಬರೆದ ಹಕ್ಕಿಗಳಲ್ಲಿ ಎಷ್ಟು ನಿಜವಾಗಿ ಹೋಗಿವೆ, ಎಷ್ಟು ಪಾಪ ಕೂಗುತ್ತಲೇ ಇವೆ, ಯೋಚಿಸಿದರೆ ತಲೆ ಕೆಡುತ್ತದೆ.

ಸೊಸೆಯ ಬಲವಂತಕ್ಕೆ ಡಾಕ್ಟರೂ ನಾನೂ ಕಿವಿಯ ಪರೀಕ್ಷೆಗೆ ಹೋದೆವು. ಕಪಾಟಿನಂಥ ಒಂದು ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗ ಗುಂಡಿ ಒತ್ತಿ ಅಂದರು. ಸ್ವಲ್ಪ ಹೊತ್ತು ಒತ್ತಿದೆ. ಆಮೇಲೆ ಸದ್ದೇ ಬರಲಿಲ್ಲ, ಮುಂದಿನದು ಇನ್ನೂ ಶುರು ಮಾಡಿಲ್ಲ ಅಂತ ಸುಮ್ಮನೆ ಕೂತಿದ್ದೆ. ಪರೀಕ್ಷೆ ಮಾಡುವವಳು ಬಾಗಿಲು ತೆಗೆದು, ಮುಗೀತಮ್ಮ, ಎದ್ದೇಳಿ ಅಂದಳು. ನನಗೆ ನಗು ಬಂತು. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಅಳು ಬಂತು. ದಪ್ಪ ಸದ್ದು ಚೆನ್ನಾಗಿ ಕೇಳಿಸುತ್ತದಂತೆ, ಅದಕ್ಕೇ ನನಗೆ ಗೊತ್ತಾಗಿಲ್ಲವಂತೆ. ತೆಳ್ಳಗಿನ ಸದ್ದು, ಹೆಂಗಸರ ಮೆಲುದನಿ, ಫೋನಿನ ಮಾತು, ಇವು ಮೊದಲು ಹೋಗುತ್ತವಂತೆ. ಈಗಿನ ಗಿರಾಕಿಗಳು ಬಾಯೊಳಗೇ ಗೊಣಗುತ್ತಾರೆ ಅಂತ ನಾನು ಎಷ್ಟು ಜನರಿಗೆ ದಬಾಯಿಸಿದ್ದೇನೋ. ತೋಳಿನ ಉದ್ದ ತಪ್ಪಿತು ಅಂತ ವಾಪಸು ಬಂದ ರವಿಕೆಗಳನ್ನೆಲ್ಲ ಈಗ ನೆನೆಸಿಕೊಳ್ಳುತ್ತಿದ್ದೇನೆ.

ಕಿವಿಗೆ ಹಾಕಿಕೊಳ್ಳುವ ಯಂತ್ರ ಮುಂದಿನ ತಿಂಗಳು ಬರುತ್ತದಂತೆ. ಅದು ಬಂದರೂ ಬಯಲು ಬರುವುದಿಲ್ಲ. ದಣಿದುಹೋಗಿದ್ದೇನೆ ಪುಟ್ಟಿ. ಮಷೀನಿನ ಮುಂದೆ ಕೂತರೆ ಕಾಲು ಆಡುತ್ತದೆ, ಮನಸ್ಸು ಆಡುವುದಿಲ್ಲ. ಇಷ್ಟು ವರ್ಷ ನನಗೆ ಕೇಳಿಸಿದ್ದನ್ನೇ ಸತ್ಯ ಅಂದುಕೊಂಡು ಊರಿಗೆಲ್ಲ ಬುದ್ಧಿ ಹೇಳಿಕೊಂಡು ಬಂದೆನಲ್ಲ, ಅದೇ ನೆನಪಾಗುತ್ತದೆ.

ನೀನು ಹೊತ್ತು ಹೊತ್ತಿಗೆ ಊಟ ಮಾಡು. ರಕ್ತದೊತ್ತಡದ ಮಾತ್ರೆ ಬಿಡಬೇಡ. ಮಗಳಿಗೂ ಅಳಿಯನಿಗೂ ನನ್ನ ಪ್ರೀತಿ ಹೇಳು, ಮಕ್ಕಳ ಕೆನ್ನೆಗೆ ನನ್ನ ಲೆಕ್ಕದಲ್ಲಿ ಒಂದೊಂದು ಮುತ್ತು ಕೊಡು. ಎಲ್ಲರೂ ನೂರು ಕಾಲ ತಣ್ಣಗಿರಿ.

ಇಂತಿ ನಿನ್ನ
ಅಕ್ಕ

ತಾ.ಕ.: ಮುಖ್ಯವಾದದ್ದನ್ನು ಬರೆಯದೆ ಸಹಿ ಹಾಕಿಬಿಟ್ಟೆ. ಧೈರ್ಯ ಸಾಲಲಿಲ್ಲ.

ಮೊನ್ನೆ ನಿನ್ನ ಮಗಳು ಕೆಲಸದ ಮೇಲೆ ಈ ಕಡೆ ಬಂದವಳು ಅರ್ಧ ಗಂಟೆ ಮನೆಗೆ ಬಂದಿದ್ದಳು. ಕೂರಲಿಲ್ಲ, ಚಹಾ ಬೇಡ ಅಂದಳು. ಕಿವಿಯ ಕಥೆಯೆಲ್ಲ ಅವಳಿಗೆ ಹೇಳಿದೆ. ಅವಳು ನನ್ನ ಎದುರಿಗೆ ಬಂದು ನಿಂತು, ನನಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಹೇಳಿದಳು:

"ದೊಡ್ಡಮ್ಮ, ಅಮ್ಮ ನಿಮ್ಮ ಜೊತೆ ಬಂದು ಇರಲಾ ಅಂತ ಫೋನಲ್ಲಿ ಕೇಳಿದ್ರು. ನೀವು ಅಷ್ಟು ಭಾರ ನನ್ನ ಕೈಲಿ ಆಗಲ್ಲ, ಮಗಳ ಮನೆಗೆ ಸಾಗಿಸಿಬಿಡು ಅಂದ್ರಂತೆ."

ಅಂದಿದ್ದೆ ಪುಟ್ಟಿ. ಅದೇ ಮಾತು, ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ಅದಕ್ಕೂ ಹಿಂದಿನ ಸಲ ಫೋನ್ ಮಾಡಿದಾಗ ನೀನು ನಿಮ್ಮವರ ದೊಡ್ಡ ಬೀರುವನ್ನು ಏನು ಮಾಡುವುದೋ ಅಂತ ಪೇಚಾಡಿದ್ದೆ. ಬರಲಾ ಅಂತ ಕೇಳಿದ ದಿನ ನಿನ್ನ ದನಿ ತೀರಾ ಸಣ್ಣಗಿತ್ತು. ಬಂದು, ಇರಲಾ, ನಿನ್ನ ಮನೇಲಿ, ಇಷ್ಟು ಚೂರುಚೂರಾಗಿ ಸಿಕ್ಕಿತು. ಬೀರು ಇಟ್ಟುಕೋ ಅನ್ನುತ್ತಿದ್ದೀಯ ಅಂದುಕೊಂಡೆ. ಇನ್ನೊಂದು ಸಲ ಹೇಳು ಅನ್ನಲು ನನಗೆ ಬಿಗುಮಾನ. ಅದಕ್ಕೇ ಊಹೆ ಮಾಡಿ ಬೀರುವಿಗೆ ಉತ್ತರ ಕೊಟ್ಟೆ, ಮೇಲೆ ನಕ್ಕೆ ಬೇರೆ. ನೀನು ಆಯ್ತಕ್ಕ ಅಂದು ಫೋನ್ ಇಟ್ಟೆ, ಹೇಳಿದ ಹಾಗೆಯೇ ಮಗಳ ಮನೆಗೆ ಹೋದೆ. ಅವರ ಹಾಲ್‌ನಲ್ಲಿ ಮಂಚಕ್ಕೂ ಜಾಗವಿಲ್ಲದೆ ನೆಲದ ಮೇಲೆ ಮಲಗುತ್ತೀಯಂತೆ.

ನೀನು ಕೇಳಲೇ ಇಲ್ಲ ಅಂತ ನಾನು ಇಷ್ಟು ತಿಂಗಳು ಮುನಿಸಿಕೊಂಡು ಕೂತಿದ್ದೆ. ನೀನು ಕೇಳಿದ್ದೆ. ನೀನು ಕೇಳಿದ್ದು ನನಗೆ ಕೇಳಿಸಲಿಲ್ಲ.

ಈ ಸಲ ಕೇಳುವವಳು ನಾನು. ಒಳಗಿನ ಕೋಣೆಯಿಂದ ಬಟ್ಟೆಯ ಗಂಟುಗಳನ್ನೆಲ್ಲ ತೆಗೆಸಿದ್ದೇನೆ, ಕಿಟಕಿಗೆ ಪರದೆ ಹಾಕಿದ್ದೇನೆ. ಬಂದು ನನ್ನ ಜೊತೆ ಇದ್ದುಬಿಡುತ್ತೀಯಾ? ಉತ್ತರವನ್ನು ಫೋನಿನಲ್ಲಿ ಮಾತ್ರ ಹೇಳಬೇಡ, ಬರೆದು ಹಾಕು.