ದೀಪದ ಬಟ್ಟಲಿಗೆ ವಿಭೂತಿ

ಅತ್ತಿಗೆ,

ಬೆಳ್ಳಿ ಉಜ್ಜುವ ವಿಷಯ ನಿಮಗೇ ಹೇಳಲು ಹೊರಟಿದ್ದೇನೆ, ಕ್ಷಮಿಸಿ.

ಅಣ್ಣನ ಟ್ಯಾಕ್ಸಿಯ ಹೆಡ್‌ಲೈಟಿನಲ್ಲಿ ಬಲ್ಬಿನ ಹಿಂದೆ ಕೂರುವ ಬೆಳ್ಳಿ ಲೇಪದ ಎರಡೂ ಬಟ್ಟಲು ಅಡುಗೆಮನೆಯ ಹಲಗೆಯ ಮೇಲಿವೆ. ನಿನ್ನೆ ನೀವು ವಿಭೂತಿ ಹಾಕಿ ಉಜ್ಜಿದ ಬಲಗಡೆಯದು ಕನ್ನಡಿಯಂತಿದೆ. ನಾನು ಹುಣಸೆಹಣ್ಣು ಹಾಕಿ ತಿಕ್ಕಿದ ಎಡಗಡೆಯದರಲ್ಲಿ ಬೆಳ್ಳಿಯ ಲೇಪ ಹೋಗಿ, ನಾಲ್ಕಾಣೆಯಷ್ಟಗಲ ಹಿತ್ತಾಳೆ ಕಾಣುತ್ತಿದೆ. “ಸೀನ, ಇದೇನು ಹಿತ್ತಾಳೆ ಚೆಂಬಾ ಮಾರಾಯ? ಕೊಡು ಇತ್ತ” ಎಂದು ನೀವು ಕಿತ್ತುಕೊಳ್ಳದಿದ್ದರೆ ಎರಡೂ ಹಾಳಾಗುತ್ತಿದ್ದವು.

ಎಡಗಡೆಯದರಲ್ಲಿ ಉಳಿದ ಬೆಳ್ಳಿಯನ್ನೂ ಹಾಗೆಯೇ ಉಜ್ಜಿಕೊಡಿ. ಹಳೆಯ ಸೀರೆಯ ಮೆತ್ತನೆಯ ತುಂಡು ಟ್ರಂಕಿನ ಮೇಲಿದೆ. ಅಣ್ಣ ಸಾಂತಾಕ್ರೂಜ್‌ನಿಂದ ಬಲ್ಬು ತೆಗೆದುಕೊಂಡು ಹನ್ನೆರಡಕ್ಕೆ ಬರುತ್ತಾನೆ. ಬಟ್ಟಲಿನ ಒಳಗೆ ಬೆರಳು ತಾಗಿಸಬೇಡ ಎಂದು ಅವನಿಗೂ ಹೇಳಿ. ಮೂರು ಗಂಟೆಗೆ ಗಾಡಿಯ ಪರೀಕ್ಷೆ. ದೀಪ ಮಂಕಾಗಿದ್ದರೆ ಟ್ಯಾಕ್ಸಿ ಓಡಿಸಲು ಬಿಡುವುದಿಲ್ಲ. ಕೆಡಿಸಿದ್ದು ಸೀನನೇ ಎಂದುಬಿಡಿ, ನೀವು ಬೈಸಿಕೊಳ್ಳಬೇಡಿ.

ಬಟ್ಟಲಿಗೆ ಬಡಿದ ಬೆಳಕು ಹೇಗೆ ಮುಂದಕ್ಕೆ ಹೊರಡುತ್ತದೆಂದು ನಾನು ಹೋಗುವ ಸಂಜೆ ಕ್ಲಾಸಿನಲ್ಲಿ ಮೇಷ್ಟ್ರು ಚಿತ್ರ ಬರೆದು ತೋರಿಸಿದ್ದರು. ನಿಮ್ಮ ಕೈಯಷ್ಟು ಹಗುರವಾಗಿ ಅದನ್ನು ಮುಟ್ಟಬೇಕೆಂದು ಅಲ್ಲಿ ಯಾರೂ ಹೇಳಿರಲಿಲ್ಲ.

ಫೋರ್ಟಿಗೆ ಹೋಗುವ ಲೋಕಲ್ ರೈಲಿಗೆ ಹೊತ್ತಾಯಿತು. ಅಷ್ಟು ದೊಡ್ಡ ಹಳದಿ ಕಲೆ ಇಟ್ಟುಕೊಂಡು ಆ ದೀಪ ಪಾಸಾಗುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ ಅತ್ತಿಗೆ.

ಸೀನ