ಮಿರ್ಚಿ ಅಜ್ಜ ನಿನ್ನನ್ನೆತ್ತಿಕೊಂಡು ಬಸ್ಸು ಹತ್ತಿದ್ದು

ಹಲ್ಲಿಲ್ಲದ ಬಾಯಲ್ಲೇ ಇಡೀ ಮನೆಯನ್ನು ಆಳುತ್ತಿರುವ ನನ್ನ ಮಗಳೇ,

ನೀನು ಇದನ್ನು ಓದುವ ಹೊತ್ತಿಗೆ ನಿನ್ನ ಅಜ್ಜ ಈ ಕಥೆಯನ್ನು ತಮಗೆ ಬೇಕಾದಂತೆ ತಿದ್ದಿ ಎಷ್ಟೋ ಸಲ ಹೇಳಿರುತ್ತಾರೆ. ಅವರ ಕಥೆಯಲ್ಲಿ ನಾಯಿ ಹುಲಿಯಷ್ಟು ದೊಡ್ಡದು. ಬಸ್ಸಿನ ಸುದ್ದಿಯೇ ಇಲ್ಲ. ಅದಕ್ಕೇ ನೀನು ತೊಟ್ಟಿಲಲ್ಲಿ ಮಲಗಿರುವಾಗ, ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ.

ನಿನ್ನ ಅಜ್ಜ ಮರುಳಪ್ಪ ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ-ಮಿರ್ಚಿ ಅಂಗಡಿ ಇಟ್ಟವರು. ಕಾದ ಎಣ್ಣೆ ಕೈಮೇಲೆ ಸಿಡಿದರೂ ಕಣ್ಣು ಮಿಟುಕಿಸದವರು. ನನ್ನ ತವರು ಕೋಗಳಿಯಲ್ಲಿ ಅಮ್ಮನಿಗೆ ಕಾಲುನೋವು ಜೋರಾಗಿದ್ದರಿಂದ ಬಾಣಂತನ ಅತ್ತೆಯ ಮನೆಯಲ್ಲೇ ಆಯಿತು. ಯಾವಾಗಲೂ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟುತ್ತಿದ್ದ ಅಜ್ಜ, ನಿನ್ನ ಲಸಿಕೆಯ ಹಿಂದಿನ ವಾರ ಇದ್ದಕ್ಕಿದ್ದಂತೆ ಹಿಮ್ಮಡಿ ಮುಚ್ಚುವ ಹಾಗೆ ಇಳಿಬಿಟ್ಟು ಓಡಾಡತೊಡಗಿದರು. ಮನೆಯಲ್ಲಿ ಬಾಣಂತಿ ಸೊಸೆ ಇದ್ದಾಳೆಂಬ ಮರ್ಯಾದೆ ಇರಬೇಕು ಅಂದುಕೊಂಡು ನಾನು ಒಳಗೊಳಗೇ ಖುಷಿಪಟ್ಟೆ.

ನಿನಗೆ ಒಂದೂವರೆ ತಿಂಗಳು ತುಂಬಿತು. ಲಸಿಕೆ ಹಾಕಿಸುವ ದಿನ ನಿನ್ನಪ್ಪ ಗವಿಸಿದ್ದೇಶ್ ಕೆಲಸದ ಮೇಲೆ ಹಡಗಲಿಗೆ ಹೋಗಿದ್ದರು. ನಾನೂ ನಿನ್ನ ಅಜ್ಜಿ ನಾಗಲಿಂಗಮ್ಮನೂ ಹೊರಟೆವು. ಅಜ್ಜ ಬಾಗಿಲಿಗೆ ಅಡ್ಡ ನಿಂತರು. "ನನ್ನ ಮೊಮ್ಮಗಳನ್ನ ನಾನ ಎತ್ಕೊಂಡು ಬರ್ತೀನಿ. ಸೂಜಿ ಕಂಡು ನೀವಿಬ್ರೂ ಅಂಜಿದ್ರ ಕೂಸಿಗೆ ಧೈರ್ಯ ಹೇಳೋರ್ಯಾರು?"

ಊರಿನ ಕೆಲವರು ಸೇರಿ ನಡೆಸುವ ಆ ಸಣ್ಣ ದವಾಖಾನೆಯಲ್ಲಿ ಮಕ್ಕಳಿಗೆ ಲಸಿಕೆ ಪುಕ್ಕಟೆ. ದೊಡ್ಡವರಿಗೂ ಕೈಗೆ ಎಟುಕುವಷ್ಟೇ ದುಡ್ಡು. ಹಾಗಾಗಿ ಆ ಅಂಗಳದಲ್ಲಿ ಎಲ್ಲ ವಯಸ್ಸಿನವರೂ ಇದ್ದರು. ತೊಡೆ ತೋರಿಸಿ ಅಳುವ ಕೂಸುಗಳು, ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳುತ್ತಿದ್ದ ಹೈಸ್ಕೂಲಿನ ಹುಡುಗಿಯರು, ಮೊಳೆ ತುಳಿದು ಕುಂಟುತ್ತ ಬಂದ ಬಡಗಿ. ಫ್ಲೂ ಜ್ವರ ಬಾರದಿರಲೆಂದು ಸೂಜಿ ಹಾಕಿಸಿಕೊಳ್ಳಲು ಬಂದಿದ್ದ ನಮ್ಮ ಓಣಿಯ ಚೌಡಕ್ಕ ಬೆಂಚಿನ ಮೇಲೆ ಎಲೆಯಡಿಕೆ ಮೆಲ್ಲುತ್ತಿದ್ದಳು. ಅಜ್ಜನನ್ನು ಕಂಡವಳೇ ಅಂಗಳಕ್ಕೆಲ್ಲ ಕೇಳುವಂತೆ ಅಂದಳು:

"ಬಂದ್ಯಾ ಮರುಳಪ್ಪಣ್ಣ, ಚಲೋ ಮಾಡ್ದಿ! ಮೊನ್ನೆ ಆ ನಾಯಿ ನಿನ್ನ ಕಾಲು ಹಿಡ್ದಿದ್ದು ನೋಡಿ ನನಗ ಅನ್ನ ಇಳಿವಲ್ದಾಗಿತ್ತು."

ಅಜ್ಜಿ ತಿರುಗಿ ಗಂಡನ ಮುಖ ನೋಡಿದಳು. ಅಜ್ಜ ಗೋಡೆ ನೋಡಿದರು. "ಅದು ಬೇಲಿ ತಂತಿ ತರಚಿದ್ದು" ಅಂದರು. "ಆ ತಂತಿ ಬೊಗಳ್ತಿತ್ತಲ್ಲೋ ಅಣ್ಣ!" ಅಂದಳು ಚೌಡಕ್ಕ.

ಅಜ್ಜಿ ಅಲ್ಲೇ ಬಗ್ಗಿ ಪಂಚೆಯ ಅಂಚು ಎತ್ತಿದಳು. ಮೀನಖಂಡದ ಮೇಲೆ ಅರಿಸಿನ ಮೆತ್ತಿದ ಹಳೆಯ ಬಟ್ಟೆಯ ಪಟ್ಟಿ. ನಾನು ಒಳಗೆ ಓಡಿ ಡಾಕ್ಟರಮ್ಮನಿಗೆ ಹೇಳಿದೆ. "ತಡ ಆಗಿದೆ, ಆದ್ರೆ ಕಾಲ ಮೀರಿಲ್ಲ. ಹುಚ್ಚುನಾಯಿ ರೋಗ ಒಂದ್ಸಲ ಕಾಣಿಸ್ಕೊಂಡ್ರೆ ಮಾತ್ರ ನಮ್ಮ ಕೈಲಿ ಏನೂ ಇಲ್ಲ. ಈಗ್ಲೇ ಕರ್ಕೊಂಡು ಬನ್ನಿ" ಅಂದರು. ನಾನು ಹೊರಗೆ ಬರುವಷ್ಟರಲ್ಲಿ ಅಜ್ಜ ಇರಲಿಲ್ಲ. ಅವರ ತೋಳಲ್ಲಿದ್ದ ನೀನೂ ಇರಲಿಲ್ಲ. "ಕೂಸಿಗೆ ಗಾಳಿ ಬೇಕು ಅಂತ ಹೊರಗ ಹೋದ್ರವ್ವ" ಅಂದಳು ಅಜ್ಜಿ.

ಬರಿಗಾಲಲ್ಲಿ ರಸ್ತೆಗೆ ಓಡಿದೆ. ಹರಪನಹಳ್ಳಿಗೆ ಹೋಗುವ ಕೆಂಪು ಬಸ್ಸು ತಿರುವಿನಲ್ಲಿ ಮರೆಯಾಗುತ್ತಿತ್ತು. ಅದರ ಕಿಟಕಿಯಲ್ಲಿ ನಿನ್ನ ಹಳದಿ ಕುಲಾವಿ. ಆ ಕ್ಷಣ ನನ್ನ ಮಾವನ ಬಗ್ಗೆ ನನ್ನ ಬಾಯಿಂದ ಬಂದ ಮಾತನ್ನು ನಿನಗೆ ಮದುವೆಯಾದ ಮೇಲೆ ಹೇಳುತ್ತೇನೆ.

ಬಸ್ಸಿನೊಳಗೆ ನಡೆದದ್ದನ್ನು ನನಗೆ ಹೇಳಿದವನು ಕಂಡಕ್ಟರ್ ಮಂಜಣ್ಣ. ಕೊಟ್ಟೂರಿಗೆ ಹೊಸಬ, ಅಜ್ಜನ ಪರಿಚಯ ಇರಲಿಲ್ಲ. ಟಿಕೆಟ್ ಕೇಳಿದರೆ ಅಜ್ಜ, "ಎಲ್ಲಿಗರ ಕೊಡಪ್ಪ" ಅಂದರಂತೆ. "ಕೂಸು ಹೆಣ್ಣಾ? ಹಂಗಾರ ಹೆಂಗ ನೋಡಿದ್ರೂ ಅದಕ್ಕ ಫ್ರೀ" ಅಂತ ಇವನು ನಗೆಯಾಡಿದ. ಪೆಟ್ರೋಲ್ ಬಂಕ್ ದಾಟಿದ್ದೇ ತಡ, ನಿನಗೆ ಹಸಿವಾಯಿತು. ನೀನು ಅತ್ತೆ. ಹೇಗೆ ಅತ್ತೆ ಅಂದರೆ, ಡ್ರೈವರ್ ಎರಡು ಸಲ ಹಿಂತಿರುಗಿ ನೋಡಿದನಂತೆ.

"ತಾಯಿ ಎಲ್ಲಿ ಅದಾಳ?" ಮುಂದಿನ ಸೀಟಿನ ಹೆಂಗಸು ಕೇಳಿದಳು.

"ಬರ್ತಾಳ."

"ಎದ್ರಾಗ?"

"ಹಿಂದಿನ ಬಸ್ಸಿನಾಗ."

ಅಷ್ಟು ಸಾಕಾಯಿತು. ಮಕ್ಕಳ ಕಳ್ಳ ಎಂಬ ಮಾತು ಡ್ರೈವರ್ ಸೀಟಿನಿಂದ ಹಿಂದಿನ ಬಾಗಿಲವರೆಗೆ ಹೋಗಿ ವಾಪಸು ಬಂತು. ಯಾರೋ ಒಬ್ಬ, "ಏ, ಇವ್ರು ಮಿರ್ಚಿ ಮರುಳಪ್ಪ ಅಲ್ಲೇನು?" ಅಂದ. "ಮಿರ್ಚಿ ಮಾಡೋರು ಮಕ್ಳ ಕದಿಯಂಗಿಲ್ಲಂತ ಎಲ್ಲೈತಿ?" ಅಂತ ಮತ್ತೊಬ್ಬ. "ನನ್ನ ಮೊಮ್ಮಗಳು ಇಕಿ!" ಅಂತ ಅಜ್ಜ ಗುಡುಗಿದರು. ನೀನು ಅವರಿಗಿಂತ ಜೋರಾಗಿ ಗುಡುಗಿದೆ. "ಹಂಗಾರ ತಾಯಿ ಕೈಯಾಗ ಕೊಟ್ಟು ಹೋಗೂಣು" ಅಂತ ಇಡೀ ಬಸ್ಸು ತೀರ್ಮಾನ ಮಾಡಿತು.

ಮಗಳೇ, ಸರ್ಕಾರಿ ಬಸ್ಸು ನಿನ್ನೊಬ್ಬಳ ಹಾಲಿಗಾಗಿ ಹಿಂದಕ್ಕೆ ತಿರುಗಿತು.

ದವಾಖಾನೆಯ ಮುಂದೆ ಜನವೆಲ್ಲ ಇಳಿದರು. ನಡುವೆ ಅಜ್ಜ, ತಪ್ಪಿಸಿಕೊಂಡು ಹೋಗದಂತೆ ಎರಡೂ ಕಡೆ ಕಾವಲು. ನಾನು ನಿನ್ನನ್ನು ಕಿತ್ತುಕೊಂಡು ಒಳಕೋಣೆಗೆ ಹೋದೆ. ನೀನು ಹಾಲಿಗೆ ಬಾಯಿ ಹಾಕಿದೆ, ನಾನು ಅಳುತ್ತ ಕೂತೆ. ಹೊರಗೆ ಅಜ್ಜಿ ಗಂಡನನ್ನು ಬೈಯಲಿಲ್ಲ. ಅವರ ಅಂಗಿಯ ತೋಳು ಹಿಡಿದುಕೊಂಡು, "ನಡೀರಿ ಒಳಗ. ನೀವಿಲ್ದ ಆ ಮನಿಯಾಗ ನಾ ಏನ್ ಮಾಡ್ಲಿ?" ಅಂದಳು. ಆಗ ಅವರು ಒಳಗೆ ನಡೆದರು.

ಸಿಸ್ಟರ್ ಸುಕನ್ಯಾ ಗಾಯವನ್ನು ಸೋಪು ಹಚ್ಚಿ ಬಹಳ ಹೊತ್ತು ತೊಳೆದರು. ಅಜ್ಜ ಅಂಗಿ ಎತ್ತಿ ಹೊಟ್ಟೆ ಮುಂದೆ ಮಾಡಿ, ಗಟ್ಟಿಯಾಗಿ ಕಣ್ಣು ಮುಚ್ಚಿದರು. "ಹೊಟ್ಟಿ ಮುಚ್ಕೊಳ್ರಿ ಯಜಮಾನ್ರ. ಹೊಟ್ಟಿಗೆ ಸೂಜಿ ಚುಚ್ಚೋ ಕಾಲ ಹೋಗಿ ಭಾಳ ದಿನ ಆತು" ಅಂತ ಸುಕನ್ಯಾ ತೋಳಿಗೆ ಒಂದು ಚುಚ್ಚಿದರು. "ಇಷ್ಟೇ ಏನು?" ಅಂದರು ಅಜ್ಜ. ಆಮೇಲೆ ಗಾಯದ ಸುತ್ತಲೂ ಚುಚ್ಚಿದಾಗ ಮಾತ್ರ ಒಂದು ಕೂಗು ಹಾಕಿದರು ನೋಡು! ಬಾಗಿಲಲ್ಲಿ ಇಣುಕುತ್ತಿದ್ದ ಬಸ್ಸಿನ ಜನ ಒಟ್ಟಿಗೆ ಹಿಂದೆ ಸರಿದರು.

ನಿನ್ನ ಸರದಿ ಬಂತು. ಬಾಯಿಗೆ ಹನಿ, ತೊಡೆಗೆ ಸೂಜಿ. ನೀನು ಕಿರುಚಿ, ಕೆಂಪಾಗಿ, ಬಿಕ್ಕಿ, ಆಮೇಲೆ ಮರೆತುಬಿಟ್ಟೆ. ಅಜ್ಜ ಮರೆಯಲಿಲ್ಲ. ಬೆಂಚಿನ ಮೇಲೆ ಕೂತು ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದರು. "ಮುಗೀತಲ್ರಿ ಮಾವ" ಅಂದೆ.

"ನನಗ ಒಬ್ಬ ತಮ್ಮ ಇದ್ದ" ಅಂದರು. "ಸೋಮಶೇಖರ್. ನನ್ನ ಹಿಂದ ಹಿಂದನ ತಿರುಗ್ತಿದ್ದ. ನಾಯಿ ಕಚ್ತು. ಆವಾಗ ಇಂಥ ದವಾಖಾನಿ ಎಲ್ಲಿತ್ತವ್ವ? ಸೂಜಿ ಅಂದ್ರ ಬಳ್ಳಾರಿಗೆ ಹೋಗ್ಬೇಕು, ನಮ್ಮಂಥವ್ರಿಗೆ ಆಗೋ ಮಾತಲ್ಲ. ಸೊಪ್ಪು ಕಟ್ಟಿದ್ರು. ಆಮ್ಯಾಲ ನೀರು ಕಂಡ್ರ ಹೆದರ್ತಿದ್ದ. ನನಗ ಕಚ್ದಾಗ, ನಾಯಿ ಅಂತ ಬಾಯಿಬಿಟ್ಟು ಅಂದ್ರ ಖರೇ ಆಕ್ಕತಿ ಅನ್ನಿಸ್ತು. ಅನ್ನದಿದ್ರ ತಂತೀನ ಆಗಿ ಉಳಿತೈತಿ ಅನ್ಕಂಡೆ."

ಇಷ್ಟು ವರ್ಷ ಜೊತೆಗೆ ನಿಂತು ಹಿಟ್ಟು ಕಲಸಿಕೊಟ್ಟ ಅಜ್ಜಿಗೂ ಆ ತಮ್ಮನ ಹೆಸರು ಗೊತ್ತಿರಲಿಲ್ಲ. ಅವಳು ಪಕ್ಕದಲ್ಲಿ ಕೂತು, ಸೂಜಿ ಬಿದ್ದ ತೋಳನ್ನು ಸವರಿದಳು. ಹೊರಗೆ ಮಂಜಣ್ಣ ಸೀಟಿ ಊದುತ್ತಿದ್ದ. ಬಸ್ಸಿನ ಅರ್ಧ ಜನ ಹತ್ತಲಿಲ್ಲ. ತಮಗೆ ಯಾವ ಸೂಜಿ ಬಾಕಿ ಇದೆಯೆಂದು ಸುಕನ್ಯಾರನ್ನು ಸುತ್ತುವರಿದು ಕೇಳುತ್ತಿದ್ದರು.

ಆಮೇಲೆ ಅಜ್ಜ ಹೇಳಿದ ದಿನಗಳಿಗೆಲ್ಲ ತಪ್ಪದೆ ಹೋದರು. ಕೊನೆಯ ಸೂಜಿಯೂ ನಿನ್ನ ಎರಡನೆಯ ಲಸಿಕೆಯೂ ಒಂದೇ ದಿನ ಬಿದ್ದವು. ಅಜ್ಜ ತಾವೇ ಅಂಗಿಯ ತೋಳು ಮಡಚಿ ಮೊದಲು ಕೂತರು. ಆದರೂ ಸುಕನ್ಯಾ ಬಾಗಿಲಿಗೆ ಚಿಲಕ ಹಾಕಿಯೇ ಸೂಜಿ ಕೈಗೆತ್ತಿಕೊಂಡರು. ಈಗ ಅಂಗಡಿಯಲ್ಲಿ ಎರಡನೇ ಪ್ಲೇಟ್ ಕೇಳಿದವರಿಗೆ ಅಜ್ಜನ ಮರುಪ್ರಶ್ನೆ: "ಧನುರ್ವಾಯು ಸೂಜಿ ಯಾವಾಗ ಹಾಕಿಸ್ಕಂಡಿ?" ಉತ್ತರ ಬರುವವರೆಗೆ ಮಿರ್ಚಿ ಎಣ್ಣೆಗೆ ಬೀಳುವುದಿಲ್ಲ. ನಿನ್ನೆ ಅವರು ನಿನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಆ ತಮ್ಮ ಮೇಷ್ಟ್ರ ಸೈಕಲ್ಲಿನ ಗಾಳಿ ಬಿಟ್ಟ ಕಥೆ ಹೇಳಿ, ಹೇಳುತ್ತ ಹೇಳುತ್ತ ತಾವೇ ಬಿದ್ದು ಬಿದ್ದು ನಕ್ಕರು. ಅಜ್ಜಿ ಒಲೆಯ ಮುಂದಿನಿಂದ ಎದ್ದು ಬಂದು ಕೇಳುತ್ತ ಕೂತಳು.

ನೀನು ಗಟ್ಟಿಮುಟ್ಟಾಗಿ ಬೆಳೆ, ನನ್ನ ಕಂದ. ನೋವಾದಾಗ ಮುಚ್ಚಿಡಬೇಡ, ಬಸ್ಸು ತಿರುಗಿ ಬರುವಷ್ಟು ಜೋರಾಗಿ ಅಳು. ಕೇಳಲು ನಾವಿದ್ದೇವೆ.

ನಿನ್ನ ಹಿಂದೆ ಬರಿಗಾಲಲ್ಲಿ ಓಡಿದ,
ಅಮ್ಮ ಪುಷ್ಪಲತಾ