ಹಿಟ್ಟು ಅಂಟದ ಜಾಗ

ಹಾಸ್ಟೆಲ್, ಮೂರನೇ ಮಹಡಿ
ಭಾನುವಾರ, ಜುಲೈ ೧೪

ಪ್ರೀತಿಯ ಅಪ್ಪಾ,

ಕಾಗದ ಬರೆದದ್ದಕ್ಕೇ ಮೊದಲು ಕ್ಷಮೆ ಕೇಳುತ್ತೇನೆ, ಗಾಬರಿಯಾಗಬೇಡಿ. ಫೋನ್ ಇರುವಾಗ ಇದೇನು ಹೊಸ ಚಾಳಿ ಎಂದು ಅಮ್ಮ ನಗಬಹುದು. ಆದರೆ ಫೋನ್ ಮಾಡಿದರೆ ನಿಮ್ಮ ಕೈಯೆಲ್ಲ ಹಿಟ್ಟು; ಸ್ಪೀಕರ್ ಹಾಕಿ ಕೌಂಟರಿನ ಮೇಲಿಡುತ್ತೀರಿ, ಬ್ರೆಡ್ಡಿಗೆ ನಿಂತವರೆಲ್ಲ ನನ್ನ ಯೋಗಕ್ಷೇಮ ವಿಚಾರಿಸುತ್ತಾರೆ. ಇದು ಅವರ ಕಿವಿಗೆ ಬೀಳುವ ಮಾತಲ್ಲ. ನನ್ನ ಕನ್ನಡ ಗೊತ್ತಲ್ಲ, ಹಾಸ್ಟೆಲ್ ಹಾಲಿನ ಹಾಗೆ, ಅರ್ಧಕ್ಕರ್ಧ ಇಂಗ್ಲಿಷಿನ ನೀರು. ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಿ. ಅಮ್ಮನ ಮಂಡಿನೋವು ಹೇಗಿದೆ? ನೀವು ಹೇಗಿದ್ದೀರಿ? ಬಾಯಿಮಾತಿಗೆ ಕೇಳುತ್ತಿಲ್ಲ ಅಪ್ಪಾ. ಈ ಸಲ 'ನನಗೇನಾಗಿದೆ, ಗುಂಡುಕಲ್ಲು' ಎಂದು ತೇಲಿಸಬೇಡಿ.

ಮೊದಲ ವರ್ಷದವರಾದ ನಮ್ಮನ್ನು ವಾರಕ್ಕೊಮ್ಮೆ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಕರೆದೊಯ್ಯುತ್ತಾರೆ. ಅಲ್ಲಿನ ಮೇಡಂದು ಒಂದೇ ಕಟ್ಟಳೆ. 'ಕಾಯಿಲೆ ಹೆಸರು ಹೇಳಿದೋರು ಆಚೆ. ಕಣ್ಣಿಗೇನು ಕಾಣ್ತು, ಕೈಗೇನು ಸಿಕ್ತು, ಅಷ್ಟು ಹೇಳಿ ಸಾಕು.' ಬಣ್ಣ ಮಾತ್ರ ಬದಲಾಗಿ, ಬೆರಳಾಡಿಸಿದರೆ ಏರು ತಗ್ಗು ಸಿಗದಿದ್ದರೆ ಅದು ಮ್ಯಾಕ್ಯೂಲ್, ಅಗಲವಾಗಿದ್ದರೆ ಪ್ಯಾಚ್. ಚಿಕ್ಕದಾಗಿ ಉಬ್ಬಿದ್ದರೆ ಪ್ಯಾಪ್ಯೂಲ್, ಒಳಗೆ ನೀರಿದ್ದರೆ ವೆಸಿಕಲ್. ಮೊದಲ ದಿನವೇ ನಾನು ಒಬ್ಬರ ಬೆನ್ನು ನೋಡಿ 'ಗಜಕರ್ಣ' ಎಂದುಬಿಟ್ಟೆ. ಸರಿಯಾಗಿಯೇ ಹೇಳಿದ್ದೆನಂತೆ, ಆದರೂ ಕ್ಲಾಸು ಮುಗಿಯುವ ತನಕ ಬಾಗಿಲಾಚೆ ನಿಂತೆ. ಆಮೇಲೆ ನನ್ನ ಬಾಯಿಗೆ ಬೀಗ.

ಮೊನ್ನೆ ಲಾಂಡ್ರಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಬಂದಿದ್ದರು. ತೋಳಿನಲ್ಲಿ ಒಂದು ಮಸುಕು ಪ್ಯಾಚ್. ಮೇಡಂ ನನ್ನ ಕೈಗೆ ಹತ್ತಿಯ ಎಳೆ ಕೊಟ್ಟರು. ಆ ಹೆಂಗಸು ಕಣ್ಣು ಮುಚ್ಚಿಕೊಂಡು ಕೂರಬೇಕು, ನಾನು ಹತ್ತಿ ಸೋಕಿಸಿದ ಕಡೆ ಅವರು ಬೆರಳಿಟ್ಟು ತೋರಿಸಬೇಕು. ಒಳ್ಳೆಯ ಚರ್ಮದ ಮೇಲೆ ಸೋಕಿಸಿದಾಗಲೆಲ್ಲ ಚಕ್ಕನೆ ತೋರಿಸಿದರು. ಆಮೇಲೆ ಪ್ಯಾಚಿನ ಮೇಲೆ ಸೋಕಿಸಿದೆ. ಅಲುಗಾಡಲಿಲ್ಲ. ಮತ್ತೆ ಸೋಕಿಸಿದೆ. ಕಣ್ಣು ಮುಚ್ಚಿಕೊಂಡೇ, 'ಯಾಕೆ ಮಗಳೇ, ನಿದ್ದೆ ಬಂತಾ? ಶುರು ಮಾಡು, ನನಗೆ ಬೇಕಾದಷ್ಟು ಕೆಲ್ಸ ಬಿದ್ದಿದೆ' ಎಂದರು. ಒಬ್ಬರೂ ನಗಲಿಲ್ಲ. ಅಷ್ಟು ಹೊತ್ತಿಗೆ ನನ್ನ ಕಣ್ಣೆದುರು ಇದ್ದದ್ದು ಅವರ ತೋಳಲ್ಲ ಅಪ್ಪಾ, ನಿಮ್ಮದು.

ಮೇಡಂ ಹೇಳಿಕೊಟ್ಟ ಹಾಗೆಯೇ ಬರೆಯುತ್ತೇನೆ, ಕಂಡದ್ದಷ್ಟೇ. ಬಲಗೈ, ಮೊಣಕೈಯಿಂದ ಕೆಳಗೆ, ಕಿರುಬೆರಳಿನ ಕಡೆ. ಲೋಟದ ಬಾಯಷ್ಟು ಅಗಲ, ಸುತ್ತಲಿನ ಬಣ್ಣಕ್ಕಿಂತ ಮಸುಕು. ಅಲ್ಲಿ ರೋಮವಿಲ್ಲ. ರಜೆಗೆ ಬಂದಾಗ ಓವನ್ ಮುಂದೆ ನಿಮ್ಮ ಪಕ್ಕದಲ್ಲಿ ನಿಂತಿದ್ದೆನಲ್ಲ, ಬೆವರಿಗೆ ಹಿಟ್ಟು ಅಂಟಿ ತೋಳೆಲ್ಲ ಬಿಳಿ ಅಂಗಿ ತೊಟ್ಟಂತಿತ್ತು. ಆ ಜಾಗವೊಂದೇ ಒಣಗಿಕೊಂಡಿತ್ತು, ಯಾರೋ ಒರೆಸಿಬಿಟ್ಟ ಹಾಗೆ. ಹಳೇ ಸುಟ್ಟ ಗಾಯ ಅನ್ನುತ್ತಾರೆ ಅಮ್ಮ. ಯಾವಾಗ ಸುಟ್ಟದ್ದು ಎಂದರೆ ನಿಮಗೂ ನೆನಪಿಲ್ಲ, ಅಮ್ಮನಿಗೂ ನೆನಪಿಲ್ಲ. ಅದೇ ದಿನ ನೀವು ಬಟ್ಟೆ ಹಿಡಿಯದೆ ಬನ್ನಿನ ಟ್ರೇ ಈಚೆಗೆಳೆದಿರಿ. ಗಿರಾಕಿಗಳು 'ಇಕ್ಕಳದಣ್ಣ, ಇಕ್ಕಳದಣ್ಣ' ಎಂದು ಕೂಗಿದರು. ನೀವು 'ಬೆಂಕಿಗೂ ನನಗೂ ಸಲುಗೆ ಕಣ್ರೋ' ಎಂದಿರಿ. ನನಗೂ ಹೆಮ್ಮೆ. ಸಂಜೆ ನಿಮ್ಮ ಕಿರುಬೆರಳಲ್ಲಿ ದೊಡ್ಡ ಬೊಬ್ಬೆ ಎದ್ದಿತ್ತು. 'ಇದ್ಯಾವಾಗ ಆಯ್ತೇ ಬನ್ನು?' ಎಂದು ನೀವೇ ನನ್ನನ್ನು ಕೇಳಿದಿರಿ. ಆ ಬೆರಳು ಚಹಾ ಕುಡಿಯುವಾಗಲೂ ಮಡಚಿಕೊಂಡೇ ಇರುತ್ತದೆ. ಅದನ್ನು ನಾವು ನಿಮ್ಮ ಗತ್ತು ಅಂದುಕೊಂಡಿದ್ದೆವು.

ಯಾರದೆಂದು ಹೇಳದೆ ಇದನ್ನೆಲ್ಲ ಮೇಡಂಗೆ ಒಪ್ಪಿಸಿದೆ. ಅವರು ಬಯ್ಯಲಿಲ್ಲ, ಹೊರಗೂ ಕಳಿಸಲಿಲ್ಲ. 'ಹೆಸರು ಆಮೇಲೆ ಇಡೋಣ. ಆ ಬೆರಳು ಮಾತ್ರ ಕಾಯಲ್ಲ, ಬೇಗ ತೋರಿಸೋಕೆ ಹೇಳು' ಎಂದರು. ಯಾರು ಅಂತ ಕೇಳಲಿಲ್ಲ. ನನ್ನ ಮುಖ ನೋಡಿಯೇ ತಿಳಿದಿರಬೇಕು.

ನಾನು ಚೆನ್ನಾಗಿದ್ದೇನೆ, ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ. ಇಲ್ಲಿನ ಬ್ರೆಡ್ಡು ಮಾತ್ರ ಸ್ಪಾಂಜು, ನೀವು ನೋಡಿದರೆ ಅಳುತ್ತೀರಿ. ಅಮ್ಮನಿಗೆ ನನ್ನ ನಮಸ್ಕಾರ, ನಿಮ್ಮ ಪಾದಗಳಿಗೂ.

ನಿಮ್ಮ
ಬನ್ನು

ಮರೆತ ಮಾತು: ಮರೆತದ್ದಲ್ಲ ಅಪ್ಪಾ, ಧೈರ್ಯ ಸಾಲಲಿಲ್ಲ. ಆ ಹೆಂಗಸಿನ ಚೀಟಿಯ ಮೇಲೆ ಕೊನೆಗೆ ಮೇಡಂ ಬರೆದ ಹೆಸರು ಕುಷ್ಠ. ನಿಮ್ಮದು ಅದಲ್ಲದೆಯೂ ಇರಬಹುದು, ಹೇಳುವುದು ಡಾಕ್ಟರ ಕೆಲಸ. ಅದೇ ಆದರೂ ಮಾತ್ರೆಯಿಂದ ವಾಸಿಯಾಗುತ್ತದೆ, ಮುಟ್ಟಿದ ಮಾತ್ರಕ್ಕೆ ಯಾರಿಗೂ ಹರಡುವುದಿಲ್ಲ, ನಿಮ್ಮ ಬ್ರೆಡ್ಡು ತಿಂದವರಿಗೂ ಏನೂ ಆಗುವುದಿಲ್ಲ. ಆದರೆ ತಡಮಾಡಿದರೆ ಸತ್ತ ನರ ತಿರುಗಿ ಬರುವುದಿಲ್ಲವಂತೆ. ಆ ಕೈ ಇಲ್ಲದೆ ನೀವು ಹಿಟ್ಟು ನಾದುವುದು ಹೇಗೆ? ಈ ಕಾಗದ ಸಿಕ್ಕ ದಿನವೇ ಅಂಗಡಿ ಬಾಗಿಲು ಹಾಕಿದ ಮೇಲೆ ಕಣ್ಣು ಮುಚ್ಚಿ ಕುಳಿತುಕೊಳ್ಳಿ, ಅಮ್ಮ ಆ ಜಾಗಕ್ಕೆ ಹತ್ತಿ ಸೋಕಿಸಲಿ. ಕಳ್ಳಗಣ್ಣು ಬಿಡಬೇಡಿ. ನೀವೇನಾದರೂ ಆ ಹೆಂಗಸಿನ ಹಾಗೆ 'ಶುರು ಮಾಡೇ' ಎಂದರೆ, ಮಾರನೇ ದಿನ ಓವನ್ ಹಚ್ಚಬೇಡಿ, ಚರ್ಮದ ಡಾಕ್ಟರ ಹತ್ತಿರ ಹೋಗಿ. ಏನಾಯಿತೆಂದು ಎರಡು ಸಾಲು ಬರೆಯಿರಿ. ಬೇಗ ಬರೆಯಿರಿ ಅಪ್ಪಾ.